ಗುಪ್ತಗಾಮಿನಿಯಿಂದ ಒಂದು ಬಾಟಲಿ

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಮೂರನೇ ಸಂಪುಟ ಬಂದಿದ್ದು 1894ರಲ್ಲಿ. ನಮ್ಮ ತಿ. ನರಸೀಪುರ, ಪಕ್ಕದ ನಂಜನಗೂಡು, ಎರಡೂ ತಾಲ್ಲೂಕಿನ ಶಾಸನಗಳು ಅದರಲ್ಲೇ ಇವೆ. ಹಳಗನ್ನಡ ನನಗೆ ಅರ್ಧ ಅರ್ಥವಾಗುತ್ತೆ, ಇನ್ನರ್ಧ ಊಹೆ. ಹಾಗಾಗಿ ಆ ಪುಸ್ತಕದಲ್ಲಿ ನನ್ನ ಕಣ್ಣು ಹೋಗೋದು ಶಾಸನಕ್ಕಿಂತ ಹೆಚ್ಚಾಗಿ ಅದರ ತಲೆಬರಹದ ಕಡೆಗೆ. ಯಾವ ತಾಲ್ಲೂಕು, ಎಷ್ಟನೇ ನಂಬರ್, ಯಾವ ಊರು, ಆ ಊರಲ್ಲಿ ಕಲ್ಲು ಎಲ್ಲಿದೆ. ದೇವಸ್ಥಾನದ ಗೋಡೆಯಲ್ಲೋ, ಹೊಲದಲ್ಲೋ, ಯಾರದೋ ಮನೆ ಹತ್ತಿರವೋ. ರೈಸ್ ಓದಿದ ಪಾಠವನ್ನು ಆಮೇಲೆ ಬಂದವರು ಎಷ್ಟೋ ಕಡೆ ತಿದ್ದಿದ್ದಾರೆ. ತಿದ್ದಲು ಆಗಿದ್ದೇ ಆ ಒಂದು ಸಾಲಿನಿಂದ. ಕಲ್ಲು ಎಲ್ಲಿದೆ ಅಂತ ಗೊತ್ತಿದ್ದರೆ ಇನ್ನೊಬ್ಬ ಹೋಗಿ ನೋಡಬಹುದು.

ಅದೇ 1894ರಲ್ಲಿ ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಶುರುವಾಯ್ತು. ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ಆಗ ಸಂಸ್ಥಾನದ ಕಣ್ಣೆಲ್ಲ ಇದ್ದದ್ದು ಚಿನ್ನದ ಮೇಲೆ, ನೀರಿನ ಮೇಲಲ್ಲ. ಆದರೆ ಅದೇ ಇಲಾಖೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯಾಗಿ ಮುಂದೆ ದಶಕಗಟ್ಟಲೆ ರಾಜ್ಯದ ಅಂತರ್ಜಲದ ಲೆಕ್ಕ ಇಟ್ಟಿತು. ಇನ್ನು 1960ರ ಆಸುಪಾಸಿನಲ್ಲಿ ಎಂ. ಶೇಷಾದ್ರಿಯವರು ತಿ. ನರಸೀಪುರದಲ್ಲಿ ನವಶಿಲಾಯುಗದ ನೆಲೆಯನ್ನು ಅಗೆಸಿದರು. ಅಲ್ಲೂ ಅದೇ ಶಿಸ್ತು. ಮಡಕೆ ಚೂರು ಸಿಕ್ಕಿದರೆ ಸಾಲದು, ಎಷ್ಟು ಆಳದಲ್ಲಿ, ಯಾವ ಪದರದಲ್ಲಿ ಅಂತ ಬರೆಯದೇ ಇದ್ದರೆ ಅದು ಬರೀ ಚೂರು.

ಶಾಸನ, ಕಲ್ಲು, ಮಡಕೆ ಇವೆಲ್ಲಕ್ಕೂ ಒಂದು ಅನುಕೂಲ ಇದೆ: ತೆಗೆದುಕೊಂಡು ಬಂದಮೇಲೂ ಅವು ಹಾಗೇ ಇರುತ್ತವೆ. ನೀರು ಹಾಗಲ್ಲ. ಬಾವಿಯಿಂದ ಮೇಲೆ ಬಂದ ಕ್ಷಣದಿಂದ ಅದು ಬೇರೆ ನೀರಾಗೋಕೆ ಶುರು ಮಾಡುತ್ತೆ. ಅದಕ್ಕೇ ಅಂತರ್ಜಲದ ಅಂಕಿಗಳ ಚರಿತ್ರೆ ಅಂದರೆ ಒಂದು ಲೆಕ್ಕದಲ್ಲಿ ಬಾಟಲಿಯ ಚರಿತ್ರೆ: ಯಾರು ತುಂಬಿದರು, ಹೇಗೆ ತುಂಬಿದರು, ತುಂಬೋಕೆ ಮುಂಚೆ ಏನು ಮಾಡಿದರು.

ನೆಲದ ವಿಷಯ ಸ್ವಲ್ಪ ಹೇಳಬೇಕು. ತಿರುಮಕೂಡಲಿನಲ್ಲಿ ಕಾವೇರಿ, ಕಪಿಲೆ ಸೇರುವುದು ಕಣ್ಣಿಗೆ ಕಾಣುತ್ತೆ. ಮೂರನೆಯದು ಸ್ಫಟಿಕ ಸರೋವರ, ಅದು ಗುಪ್ತಗಾಮಿನಿ, ಕಾಣಲ್ಲ. ಚಿಕ್ಕವನಿದ್ದಾಗ ನನಗೆ ಆ ಮೂರನೇ ಹೊಳೆ ನಿಜವಾಗಿ ನೆಲದ ಕೆಳಗೆ ಕಾಲುವೆ ಥರ ಹರಿಯುತ್ತೆ ಅಂತ ಕಲ್ಪನೆ. ನಮ್ಮ ಕಡೆ ಅಂತರ್ಜಲ ಕಾಲುವೆ ಥರ ಇಲ್ಲ. ಕೆಳಗಿರೋದು ನೈಸ್, ಗ್ರಾನೈಟಿನ ಬಂಧು ಅನ್ನಬಹುದಾದ ಪಟ್ಟೆಪಟ್ಟೆಯ ಗಟ್ಟಿ ಕಲ್ಲು. ಮೇಲಿನ ಕೆಲವು ಮೀಟರು ಕೊಳೆತು ಮೆತ್ತಗಾಗಿರುತ್ತೆ, ನೀರು ಅದರಲ್ಲಿ ನಿಲ್ಲುತ್ತೆ. ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ. ಹತ್ತಡಿ ಆಚೆ ಕೊರೆದರೆ ಒಂದಕ್ಕೆ ನೀರು, ಇನ್ನೊಂದಕ್ಕೆ ಬರೀ ಧೂಳು. ಬೋರ್ ಕೊರೆಸಿ ಸಾಲ ಮಾಡಿಕೊಂಡ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೋರ್ ಬರುವ ಮುಂಚೆ ಹೊಲದಲ್ಲಿ ಇದ್ದದ್ದು ಕಪಿಲೆ ಬಾವಿ. ಹೊಳೆಯ ಹೆಸರೂ ಕಪಿಲೆ, ಎತ್ತು ಹೂಡಿ ಚರ್ಮದ ಚೀಲದಲ್ಲಿ ನೀರೆತ್ತುವ ಸಾಧನದ ಹೆಸರೂ ಕಪಿಲೆ. ಎತ್ತುಗಳು ಇಳಿಜಾರಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೀತಿದ್ದರೆ ಬಾವಿಯ ನೀರು ದಿನವಿಡೀ ಬದಲಾಗ್ತಾ ಇರುತ್ತೆ. ಹಾಗೆ ಬಳಕೆಯಲ್ಲಿರುವ ಬಾವಿಯ ನೀರು ಅಂದರೆ ಹೆಚ್ಚುಕಮ್ಮಿ ಸುತ್ತಲಿನ ನೆಲದ ನೀರೇ. ನಮ್ಮಜ್ಜಿ ಒಂದು ವಾರ ಊರಲ್ಲಿ ಇಲ್ಲದೆ ವಾಪಸ್ ಬಂದರೆ ಮನೆ ಬಾವಿಯ ಮೊದಲ ಐದಾರು ಕೊಡ ನೀರನ್ನು ಕುಡಿಯೋಕೆ ಇಡ್ತಿರಲಿಲ್ಲ, ದನದ ಬಾನಿಗೆ ಸುರೀತಿದ್ದರು. ‘ನಿಂತಿರೋ ನೀರು ಕಣ್ಲಾ, ಹೊಸದು ಬರ್ಲಿ.’ ಇದನ್ನೇ ಇಂಜಿನಿಯರುಗಳು ಪರ್ಜಿಂಗ್ ಅಂತ ಕರೀತಾರೆ. ಅದು ಎಷ್ಟು ಕೊಡ ಅಂತ ತೀರ್ಮಾನಿಸೋಕೆ ಅವರಿಗೆ ಬಹಳ ವರ್ಷ ಹಿಡೀತು, ಅದಕ್ಕೆ ಬರ್ತೀನಿ.

ದೇಶದಲ್ಲಿ ಬಾವಿಗಳನ್ನು ನಂಬರ್ ಹಾಕಿ ಕ್ರಮವಾಗಿ ನೋಡೋಕೆ ಶುರುವಾಗಿದ್ದು 1969ರಲ್ಲಿ. 1970ರಲ್ಲಿ ಕೇಂದ್ರೀಯ ಅಂತರ್ಜಲ ಮಂಡಳಿ ಹುಟ್ಟಿತು, 1972ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಂತರ್ಜಲ ವಿಭಾಗ ಅದರಲ್ಲಿ ಸೇರಿತು. ವರ್ಷಕ್ಕೆ ನಾಲ್ಕು ಸಲ ನೀರಿನ ಮಟ್ಟ ಅಳೆಯೋದು: ಜನವರಿ, ಮಳೆಗಾಲದ ಮುಂಚಿನ ಬೇಸಿಗೆ, ಆಗಸ್ಟ್, ನವೆಂಬರ್. ನೀರಿನ ಸ್ಯಾಂಪಲ್ ಮಾತ್ರ ಬಹಳ ವರ್ಷ ವರ್ಷಕ್ಕೊಂದೇ ಸಲ, ಬೇಸಿಗೆಯಲ್ಲಿ ತೆಗೀತಿದ್ದರು. ಮೊದಮೊದಲು ಆರಿಸಿಕೊಂಡ ಬಾವಿಗಳಲ್ಲಿ ಬಹುಪಾಲು ಹಳ್ಳಿಗಳ ತೆರೆದ ಬಾವಿಗಳು. ಜನ ಸೇದುವ ಬಾವಿ, ರಸ್ತೆಗೆ ಹತ್ತಿರ, ಜೀಪು ಹೋಗುವಂಥದ್ದು. ಇಲ್ಲಿ ಒಂದು ಮಾತು. ಊರ ಬಾವಿ ಅಂದರೆ ಊರಿನ ಎಲ್ಲರ ಬಾವಿ ಆಗಿರಲಿಲ್ಲ ಅನ್ನೋದು ನಮಗೆಲ್ಲ ಗೊತ್ತು. ಊರಿಗೊಂದು ಅಂತ ಬಾವಿ ಆರಿಸಿದರೆ ಯಾವ ಕೇರಿಯ ನೀರು ದಾಖಲೆಗೆ ಹೋಗುತ್ತೆ, ಯಾವ ಕೇರಿಯದು ಹೋಗಲ್ಲ ಅನ್ನೋದನ್ನು ಯಾವ ರಿಜಿಸ್ಟರಿನಲ್ಲೂ ಕಾಲಂ ಮಾಡಿ ಬರೆಯಲ್ಲ.

ಮಟ್ಟ ಅಳೆಯುವ ಕೆಲಸ ನೋಡೋಕೆ ಸುಲಭ. ಸ್ಟೀಲ್ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಇಳಿಸ್ತಾರೆ, ಒದ್ದೆಯಾದ ಕಡೆ ಬಣ್ಣ ಬದಲಾಗಿರುತ್ತೆ. ಟೇಪಿನಲ್ಲಿ ಇಳಿಸಿದ ಒಟ್ಟು ಉದ್ದದಿಂದ ಒದ್ದೆ ಉದ್ದ ಕಳೆದರೆ ನೀರಿನ ಆಳ. ಈಗ ನೀರು ತಾಗಿದರೆ ಬೀಪ್ ಅನ್ನುವ ಸೌಂಡರ್ ಬಂದಿದೆ. ಸರಿ, ಆಳ ಎಲ್ಲಿಂದ? ಬಾವಿಕಟ್ಟೆಯ ಮೇಲೆ ಗುರುತು ಮಾಡಿದ ಒಂದು ಬಿಂದುವಿನಿಂದ. ಕಟ್ಟೆ ನೆಲದಿಂದ ಎಷ್ಟು ಎತ್ತರ ಇದೆಯೋ ಅದನ್ನು ಕಳೀಬೇಕು. ಈಗ ಯೋಚನೆ ಮಾಡಿ, ಪಂಚಾಯ್ತಿಯವರು ಮಕ್ಕಳು ಬೀಳಬಾರದು ಅಂತ ಕಟ್ಟೆಯನ್ನು ಒಂದಡಿ ಎತ್ತರ ಮಾಡಿದರು, ರಿಜಿಸ್ಟರಿನಲ್ಲಿ ಯಾರೂ ತಿದ್ದಲಿಲ್ಲ. ಆ ಊರಿನ ಅಂತರ್ಜಲ ಒಂದೇ ದಿನಕ್ಕೆ ಒಂದಡಿ ಕುಸಿಯಿತು! ನಾವು ಆಫೀಸಲ್ಲಿ ಇಂಥದ್ದಕ್ಕೆ ಕಾನ್ಫಿಗ್ ಬಗ್ ಅಂತೀವಿ. ಕೋಡ್ ಸರಿ ಇದೆ, ಡೇಟಾ ಸರಿ ಇದೆ, ಉತ್ತರ ಮಾತ್ರ ತಪ್ಪು.

ಇದಕ್ಕಿಂತ ದೊಡ್ಡ ಸಮಸ್ಯೆ ಬೋರ್‌ವೆಲ್ ಜೊತೆ ಬಂತು. ಬೋರ್‌ಗಳು ಹೆಚ್ಚಾದ ಹಾಗೆ ತೆರೆದ ಬಾವಿಗಳು ಬತ್ತಿದವು. ಬತ್ತಿದ ಬಾವಿ ಕಸದ ಗುಂಡಿ ಆಯ್ತು, ಆಮೇಲೆ ಸೈಟ್ ಆಯ್ತು. ಹಾಗೆ ಸತ್ತ ಬಾವಿಯ ಅಂಕಿ ಅಲ್ಲಿಗೇ ನಿಲ್ಲುತ್ತೆ. ಅತಿ ಹೆಚ್ಚು ಕುಸಿದ ಕಡೆಯ ಬಾವಿಗಳೇ ಲೆಕ್ಕದಿಂದ ಮೊದಲು ಬಿದ್ದುಹೋದರೆ, ಉಳಿದವುಗಳ ಸರಾಸರಿ ನೋಡೋಕೆ ಚೆನ್ನಾಗೇ ಕಾಣುತ್ತೆ. ಇದಕ್ಕೆ ಪರಿಹಾರ ಪೀಜೋಮೀಟರ್, ಅಂದರೆ ಯಾರೂ ನೀರು ಸೇದದ, ಬರೀ ನೋಡೋಕೆ ಅಂತಲೇ ಕೊರೆದ ಬಾವಿ. ಮುಚ್ಚಳ, ಬೀಗ, ನಂಬರ್. 1995ರಿಂದ 2003ರವರೆಗೆ ವಿಶ್ವಬ್ಯಾಂಕ್ ಸಾಲದಲ್ಲಿ ನಡೆದ ಹೈಡ್ರಾಲಜಿ ಪ್ರಾಜೆಕ್ಟಿನಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಇಂಥವನ್ನು ಕೊರೆಸಿದರು, ತಾನೇ ಮಟ್ಟ ದಾಖಲಿಸುವ ಯಂತ್ರಗಳನ್ನು ಇಳಿಸಿದರು. ನೆದರ್ಲೆಂಡ್ಸಿನ ತಾಂತ್ರಿಕ ನೆರವಿನಲ್ಲಿ ಫೀಲ್ಡ್ ಮ್ಯಾನ್ಯುಯಲ್‌ಗಳೂ ಬಂದವು.

ಮಟ್ಟ ನೋಡೋಕೆ ಪೀಜೋಮೀಟರ್ ಒಳ್ಳೇದು. ಸ್ಯಾಂಪಲ್ ತೆಗೆಯೋಕೆ ಅದೇ ಕಷ್ಟ. ಯಾರೂ ಸೇದದ ಬಾವಿ ಅಂದರೆ ಅಜ್ಜಿ ಹೇಳಿದ ನಿಂತ ನೀರು, ತಿಂಗಳುಗಟ್ಟಲೆ ನಿಂತಿದ್ದು. ಮೇಲೆ ಗಾಳಿ, ಸುತ್ತ ಪೈಪು, ತಳದಲ್ಲಿ ಕೆಸರು. ಅಲ್ಲಿಂದ ಸುಮ್ಮನೆ ಒಂದು ಬಾಟಲಿ ಎತ್ತಿದರೆ ಗೊತ್ತಾಗೋದು ಪೈಪಿನ ಆರೋಗ್ಯ, ನೆಲದ್ದಲ್ಲ.

ಈ ಪ್ರಶ್ನೆ ಜಗತ್ತಿಗೆ ಜೋರಾಗಿ ಕೇಳಿಸಿದ್ದು ಅಮೆರಿಕದಲ್ಲಿ. 1978ರಲ್ಲಿ ನಯಾಗರ ಫಾಲ್ಸ್ ಊರಿನ ಲವ್ ಕೆನಾಲ್ ಬಡಾವಣೆಯಲ್ಲಿ ಮನೆಗಳ ಕೆಳಗೆ ಹೂತಿದ್ದ ರಾಸಾಯನಿಕ ತ್ಯಾಜ್ಯ ಬಯಲಾಯ್ತು. 1976ರ ಕಾನೂನಿನಡಿ 1980ರಲ್ಲಿ ಬಂದ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ ಹೂಳುವ ಜಾಗದ ಸುತ್ತ ಕನಿಷ್ಠ 4 ಬಾವಿ ಇರಬೇಕು: ನೀರು ಬರುವ ಮೇಲಿನ ದಿಕ್ಕಿನಲ್ಲಿ 1, ಹೋಗುವ ಕೆಳಗಿನ ದಿಕ್ಕಿನಲ್ಲಿ 3. ಮೇಲಿನದು ಯಾಕೆ ಅಂದರೆ, ಬರುವಾಗಲೇ ಕೊಳಕಾಗಿತ್ತಾ, ಇಲ್ಲಿ ಕೊಳಕಾಯ್ತಾ ಅಂತ ತಿಳಿಯೋಕೆ. ಈ ಒಂದು ಬಾವಿಯ ವಿಷಯ ನೆನಪಿಟ್ಟುಕೊಳ್ಳಿ.

ಕೋಟಿಗಟ್ಟಲೆ ಡಾಲರಿನ ಕೇಸುಗಳು ಒಂದೊಂದು ಬಾಟಲಿಯ ಮೇಲೆ ನಿಂತಾಗ ಎಷ್ಟು ಕೊಡ ಚೆಲ್ಲಬೇಕು ಅನ್ನೋದು ಸಂಶೋಧನೆಯ ವಿಷಯ ಆಯ್ತು. ಹಳೇ ರೂಢಿ ಅಂದರೆ ಬಾವಿಯಲ್ಲಿ ನಿಂತ ನೀರಿನ ಮೂರರಿಂದ ಐದು ಪಟ್ಟು. ನಮ್ಮ ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಪೀಜೋಮೀಟರಿಗೆ ನಾಲ್ಕರಿಂದ ಐದು ಪಟ್ಟು ಅನ್ನುತ್ತೆ, ಅದೂ ಸಬ್‌ಮರ್ಸಿಬಲ್ ಪಂಪಿನಿಂದ. ಲೆಕ್ಕ ಹಾಕಿ ನೋಡಿ. ನಮ್ಮ ಕಡೆಯ ಮಾಮೂಲಿ ಆರೂವರೆ ಇಂಚು ಬೋರ್‌ನಲ್ಲಿ ಒಂದು ಮೀಟರಿಗೆ ಸುಮಾರು 21 ಲೀಟರ್ ನೀರು. 30 ಮೀಟರ್ ನೀರು ನಿಂತಿದ್ದರೆ ಸುಮಾರು 640 ಲೀಟರ್. ಅದರ ನಾಲ್ಕು ಪಟ್ಟು 2,500 ಲೀಟರಿಗೂ ಮೇಲೆ, ಅರ್ಧ ಟ್ಯಾಂಕರ್! ಒಂದು ಲೀಟರಿನ ಬೈಲರ್, ಅಂದರೆ ತಳದಲ್ಲಿ ಕವಾಟ ಇರುವ ಉದ್ದ ಕೊಳವೆಯಂಥ ಪಾತ್ರೆ, ಹಗ್ಗ ಕಟ್ಟಿ ಎತ್ತಿದರೆ ಎರಡೂವರೆ ಸಾವಿರ ಸಲ ಎತ್ತಬೇಕು. ದಿನಕ್ಕೆ ಎಂಟು ಹತ್ತು ಬಾವಿ ಮುಗಿಸಬೇಕಾದ, ಜೀಪಿನ ಡೀಸೆಲ್ಲಿಗೆ ಬಿಲ್ ಕೊಡಬೇಕಾದ ಮನುಷ್ಯ ಅದನ್ನು ಮಾಡ್ತಾನಾ? ಮ್ಯಾನ್ಯುಯಲ್ಲಿನಲ್ಲಿ ಇರೋದಕ್ಕೂ ಬಾವಿಯ ಹತ್ತಿರ ನಡೆಯೋದಕ್ಕೂ ಇರುವ ದೂರ ಇಲ್ಲಿಂದ ಶುರು.

1996ರಲ್ಲಿ ರಾಬರ್ಟ್ ಪಲ್ಸ್ ಮತ್ತು ಮೈಕೆಲ್ ಬಾರ್ಸಿಲೋನಾ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ ಬರೆದುಕೊಟ್ಟ ಪತ್ರ ಇನ್ನೊಂದು ದಾರಿ ತೋರಿಸಿತು. ಪಂಪನ್ನು ನೀರು ಒಳಬರುವ ಆಳಕ್ಕೆ ಇಳಿಸಿ, ನಿಮಿಷಕ್ಕೆ 100ರಿಂದ 500 ಮಿಲಿಲೀಟರ್ ಅಷ್ಟೇ, ಬಾವಿಗೆ ಗೊತ್ತೇ ಆಗದ ಹಾಗೆ ನಿಧಾನಕ್ಕೆ ಎಳೀರಿ. ಎಷ್ಟು ಕೊಡ ಅಂತ ಎಣಿಸಬೇಡಿ, ನೀರನ್ನೇ ಕೇಳಿ. ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ ಇವು ಸಾಲಾಗಿ ಮೂರು ಸಲ ಹೆಚ್ಚುಕಮ್ಮಿ ಒಂದೇ ಬಂದರೆ ಹೊಸ ನೀರು ಬಂದಿದೆ ಅಂತ. ಜಾಣ ಉಪಾಯ. ಆದರೆ ನಮ್ಮ ಗಟ್ಟಿಕಲ್ಲಿನ ಬೋರ್‌ಗಳಲ್ಲಿ ಕೇಸಿಂಗ್ ಕೆಳಗೆ ಬರೀ ಬೆತ್ತಲೆ ತೂತು, ಎರಡು ಮೂರು ಬಿರುಕಿನ ನೀರು ಒಂದರಲ್ಲೊಂದು ಬೆರೆತಿರುತ್ತೆ. ಪಂಪು ಯಾವ ಬಿರುಕಿನ ಎದುರಿಗೆ ಇದೆ ಅನ್ನೋದರ ಮೇಲೆ ಉತ್ತರ ಬದಲಾಗಬಹುದು.

ತೆರೆದ ಬಾವಿಗೆ ಬೇರೆ ನಿಯಮ. ಬಳಕೆ ನಿಂತ ಬಾವಿಯನ್ನು ಗುಣಮಟ್ಟಕ್ಕೆ ಆರಿಸಲೇಬಾರದು. ಬಳಕೆಯಲ್ಲಿರುವ ಬಾವಿಯಾದರೆ ತೂಕ ಕಟ್ಟಿದ ಬಾಟಲಿಯನ್ನು ಮೇಲ್ಮೈಯಿಂದ 30 ಸೆಂಟಿಮೀಟರ್ ಕೆಳಗೆ ಇಳಿಸಿ ತುಂಬಬೇಕು. ಪ್ಲಾಸ್ಟಿಕ್ ಬಕೆಟ್ ಬೇಡ, ಅದು ತೇಲುತ್ತಾ ಮೇಲಿನ ಕೆನೆ ಮಾತ್ರ ಬಾಚುತ್ತೆ. ದಿನಾ ಓಡುವ ಬೋರ್ ಆದರೆ ಐದು ನಿಮಿಷ ಓಡಿಸಿ ಹಿಡಿದರೆ ಸಾಕು.

ಹಿಡಿದಮೇಲೆ ಬಾಟಲಿಯೊಳಗೆ ಏನಾಗುತ್ತೆ ಅನ್ನೋದನ್ನು ಹಳ್ಳಿಯಲ್ಲಿ ಬೆಳೆದ ಎಲ್ಲರೂ ನೋಡಿದ್ದಾರೆ. ಕೆಲವು ಬೋರ್‌ನ ನೀರು ಹಿಡಿಯುವಾಗ ತಿಳಿ, ಬೆಳಗ್ಗೆ ನೋಡಿದರೆ ಬಿಂದಿಗೆಯ ತಳದಲ್ಲಿ ಕೆಂಪು ಗಸಿ. ಕರಗಿದ್ದ ಕಬ್ಬಿಣ ಗಾಳಿ ತಾಗಿ ಕೆಳಗೆ ಕೂತಿರುತ್ತೆ. ಲ್ಯಾಬಿನವನು ಮೇಲಿನ ತಿಳಿ ಬಗ್ಗಿಸಿ ಪರೀಕ್ಷಿಸಿದರೆ ಕಬ್ಬಿಣ ಇಲ್ಲವೇ ಇಲ್ಲ ಅಂತ ಬರೀಬಹುದು. ಅದಕ್ಕೇ ಲೋಹಗಳ ಬಾಟಲಿಗೆ ಬಾವಿಯ ಹತ್ತಿರವೇ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸೋದು. ನೈಟ್ರೇಟಿನ ಬಾಟಲಿಗೆ ಆ ಆಮ್ಲ ಹಾಕಿದರೆ ಮುಗೀತು, ನೈಟ್ರಿಕ್ ಅಂದರೇ ನೈಟ್ರೇಟ್. ಅದನ್ನು 4 ಡಿಗ್ರಿ ತಂಪಿನಲ್ಲಿಟ್ಟು ಎರಡು ದಿನದೊಳಗೆ ಲ್ಯಾಬಿಗೆ ಮುಟ್ಟಿಸಬೇಕು, ಇಲ್ಲದಿದ್ದರೆ ಬಾಟಲಿಯೊಳಗಿನ ಬ್ಯಾಕ್ಟೀರಿಯಾ ಅಂಕಿಯನ್ನು ಬದಲಾಯಿಸುತ್ತವೆ. ನೆಲದ ಒತ್ತಡದಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಮೇಲೆ ಬಂದಕೂಡಲೇ ಹಾರಿಹೋಗಿ ಪಿಎಚ್ ಏರುತ್ತೆ, ಅದಕ್ಕೇ ಪಿಎಚ್ ಅನ್ನು ಸ್ಥಳದಲ್ಲೇ ಅಳೆಯೋದು. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆಯಿರಿ ಅಂತಾರೆ, ಆದರೆ ಬ್ಯಾಕ್ಟೀರಿಯಾ ಪರೀಕ್ಷೆಯ ಶುದ್ಧೀಕರಿಸಿದ ಬಾಟಲಿಯನ್ನು ತೊಳೆಯಲೇಬಾರದು. ಒಂದೊಂದು ನಿಯಮದ ಹಿಂದೆಯೂ ಎಲ್ಲೋ ಒಂದು ಹಾಳಾದ ಸ್ಯಾಂಪಲ್ ಇದ್ದೇ ಇದೆ.

ಅಂಕಿ ನೋಡಿದ ಕೂಡಲೇ ಮೊದಲು ಸ್ಯಾಂಪಲ್ ಮೇಲೆ ಅನುಮಾನ ಪಡಬೇಕು ಅನ್ನೋದಕ್ಕೆ 1931ರ ಕಥೆ ಚೆನ್ನಾಗಿದೆ. ಅಮೆರಿಕದ ಅರ್ಕಾನ್ಸಾ ರಾಜ್ಯದ ಬಾಕ್ಸೈಟ್ ಅನ್ನುವ ಊರಿನ ಮಕ್ಕಳ ಹಲ್ಲು ಕಂದು. ಅಲ್ಲಿ ಗಣಿ ನಡೆಸ್ತಿದ್ದ ಅಲ್ಕೋವಾ ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಎಚ್.ವಿ. ಚರ್ಚಿಲ್ ಅವರ ಲ್ಯಾಬಿನಲ್ಲಿ ಆ ಊರಿನ ನೀರಿನಲ್ಲಿ ಫ್ಲೋರೈಡ್ ಕಾಣಿಸ್ತು. ಚರ್ಚಿಲ್ ನಂಬಲಿಲ್ಲ. ಸ್ಯಾಂಪಲ್ ಕಲುಷಿತವಾಗಿರಬೇಕು ಅಂತ ಇನ್ನೊಂದು ತರಿಸಿದರು. ಅದರಲ್ಲೂ ಇತ್ತು. 1937ರಲ್ಲಿ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಬಾವಿಗಳ ಫ್ಲೋರೈಡ್ ಮತ್ತು ಅಲ್ಲಿನ ಜನರ ಮೂಳೆ ಕಾಯಿಲೆಯ ಸಂಬಂಧ ಪ್ರಕಟವಾಯ್ತು. ಇಂದು ಕರ್ನಾಟಕದ ಗಟ್ಟಿಕಲ್ಲಿನ ಎಷ್ಟೋ ತಾಲ್ಲೂಕಿನ ವರದಿಗಳಲ್ಲಿ ಫ್ಲೋರೈಡಿಗೆ ಒಂದು ಕಾಲಂ ಇದೆ ಅಂದರೆ ಅದರ ಬೇರು ಅಲ್ಲಿದೆ. ಕಾಲಂ ಇಲ್ಲದೇ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಬಾಂಗ್ಲಾದೇಶ ನೋಡಿ. 1992ರಲ್ಲಿ ಬ್ರಿಟಿಷ್ ಭೂವೈಜ್ಞಾನಿಕ ಸರ್ವೇಕ್ಷಣೆ ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಹಲವು ಧಾತುಗಳನ್ನು ಹುಡುಕಿತು, ಆರ್ಸೆನಿಕ್ ಹುಡುಕಲಿಲ್ಲ. ಕೇಸು ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಗಿ 2006ರಲ್ಲಿ ವಜಾ ಆಯ್ತು.

ನಮ್ಮ ಕಾನೂನು 1974ರದ್ದು, ಜಲ ಮಾಲಿನ್ಯ ತಡೆ ಕಾಯ್ದೆ. ರಾಜ್ಯದ ಮಂಡಳಿ ಹುಟ್ಟಿದ್ದೂ ಅದೇ ವರ್ಷ. ಆ ಕಾಯ್ದೆಯ ವ್ಯಾಖ್ಯಾನಗಳಲ್ಲಿ ‘ಹೊಳೆ’ ಅನ್ನುವ ಪದದೊಳಗೆ ನೆಲದಡಿಯ ನೀರೂ ಸೇರಿದೆ. ಗುಪ್ತಗಾಮಿನಿ ಕಾನೂನಿನ ಪ್ರಕಾರವೂ ಹೊಳೆಯೇ! 21ನೇ ಸೆಕ್ಷನ್ ಪ್ರಕಾರ ಬಾವಿಯಿಂದ ಸ್ಯಾಂಪಲ್ ತೆಗೆಯುವ ಅಧಿಕಾರ ಮಂಡಳಿಗಿದೆ. ಕಾರ್ಖಾನೆಯ ತ್ಯಾಜ್ಯನೀರಾದರೆ ಇನ್ನೂ ಬಿಗಿ: ಅಲ್ಲೇ ನೋಟಿಸ್ ಕೊಡಬೇಕು, ಅವರ ಎದುರಿಗೇ ಎರಡು ಭಾಗ ಮಾಡಬೇಕು, ಎರಡಕ್ಕೂ ಸೀಲ್ ಹಾಕಿ ಇಬ್ಬರೂ ಸಹಿ ಮಾಡಬೇಕು. ಈ ವಿಧಾನ ತಪ್ಪಿದರೆ ಆ ವರದಿ ಕೋರ್ಟಿನಲ್ಲಿ ಸಾಕ್ಷಿ ಆಗಲ್ಲ. ಕಾರ್ಖಾನೆಗೆ ಅನುಕೂಲ ಮಾಡೋಕೆ ಬರೆದಿದ್ದು ಅಂತ ಬೈಯೋರಿದ್ದಾರೆ. ನನಗೆ ಹಾಗನ್ನಿಸಲ್ಲ. ಎರಡೂ ಕಡೆಯವರು ಒಪ್ಪಲೇಬೇಕಾದ ಬಾಟಲಿ ಅಂದರೆ ಅದೇ. ತೊಂದರೆ ಏನಂದ್ರೆ, ಆ ವಿಧಾನ ಗೊತ್ತಿರೋದು ಒಂದು ಕಡೆಯವರಿಗೆ ಮಾತ್ರ.

ನಂಜನಗೂಡಿನ ಕಡೆ ಒಂದೂರಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ. ಊರಿನ ಹೆಸರು ಬೇಡ. ಸ್ವಲ್ಪ ಮೇಲೆ ಕಾರ್ಖಾನೆಯ ಕಾಂಪೌಂಡ್, ಕೆಳಗೆ ಇವರ ತೋಟ, ಅದರಾಚೆ ಕಪಿಲೆ. ಎರಡು ವರ್ಷದ ಹಿಂದೆ ಬೋರ್ ನೀರಿನ ರುಚಿ ಕೆಟ್ಟಿತು. ಅವರ ಮಗ ಒಂದು ಬಿಸ್ಲೇರಿ ಬಾಟಲಿ ತುಂಬಿಸಿ ಬಸ್ಸಲ್ಲಿ ಮೈಸೂರಿಗೆ ಹೋಗಿ ಲ್ಯಾಬಿಗೆ ಕೊಟ್ಟ. ನೈಟ್ರೇಟ್ ಮಿತಿಗಿಂತ ಜಾಸ್ತಿ ಅಂತ ರಿಪೋರ್ಟ್ ಬಂತು. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನು ಹಿಡಿದು ಒಂದು ಕಚೇರಿಗೆ ಹೋದರು. ಅಲ್ಲಿದ್ದ ಸಾಹೇಬರು ರಿಪೋರ್ಟಿನ ಕೊನೆಯ ಸಾಲಿಗೆ ಬೆರಳಿಟ್ಟರು: ಗ್ರಾಹಕರು ತಂದುಕೊಟ್ಟ ಸ್ಯಾಂಪಲ್. ಬಾಟಲಿಯಲ್ಲಿ ಮೊದಲು ಏನಿತ್ತು, ಯಾವತ್ತು ಹಿಡಿದಿರಿ, ಪಂಪ್ ಎಷ್ಟು ಹೊತ್ತು ಓಡಿಸಿದ್ರಿ ಅಂತ ಕೇಳಿದರು. ಮೂರಕ್ಕೂ ಉತ್ತರ ಇರಲಿಲ್ಲ. ‘ನೀರು ನಮ್ದು, ಬಾವಿ ನಮ್ದು, ಕುಡಿಯೋರು ನಾವು. ಬಾಟ್ಲಿ ಮಾತ್ರ ಅವ್ರ್ ಹೇಳ್ದಂಗಿರ್ಬೇಕಾ?’ ಅಂತ ಚಿಕ್ಕಪ್ಪ ಫೋನಲ್ಲಿ ರೇಗಾಡಿದರು. ಆ ಮೂರು ಪ್ರಶ್ನೆಗಳು ಸರಿಯಾದವೇ. ಅವನ್ನು ಕೇಳಿ ಸುಮ್ಮನೆ ಕಳಿಸಿಬಿಟ್ಟಿದ್ದು, ಉತ್ತರ ಇರುವ ಬಾಟಲಿ ಹೇಗೆ ತರಬೇಕು ಅಂತ ಒಂದು ಚೀಟಿ ಬರೆದುಕೊಡದೇ ಇದ್ದದ್ದು, ಅದು ಮಾತ್ರ ಸರಿ ಇಲ್ಲ.

ಈ ವರ್ಷ ಹೆಚ್ಚು ದುಡ್ಡು ಕೊಟ್ಟು ಲ್ಯಾಬಿನಿಂದಲೇ ಒಬ್ಬ ಹುಡುಗನನ್ನು ಕರೆಸಿದೆವು. ಪಂಪ್ ಐದು ನಿಮಿಷ ಓಡಿಸಿದ, ಮೀಟರಿನಲ್ಲಿ ಅಲ್ಲೇ ಪಿಎಚ್ ನೋಡಿದ, ಬಾಟಲಿಗಳಿಗೆ ಚೀಟಿ ಅಂಟಿಸಿದ, ಐಸ್ ತುಂಬಿದ ಡಬ್ಬಿಗೆ ಹಾಕಿದ. ಕಾಂಪೌಂಡಿನ ಮೇಲ್ಗಡೆ ಇರುವ ಇನ್ನೊಬ್ಬರ ಬೋರ್‌ನಿಂದಲೂ ಅದೇ ದಿನ ತೆಗೆಸಿದೆವು, ಅಮೆರಿಕದವರ ಆ ಮೇಲಿನ ಬಾವಿಯ ಲೆಕ್ಕದಲ್ಲಿ. ಉತ್ತರ ಬಂತು, ಯಾರಿಗೂ ಇಷ್ಟವಾಗಲಿಲ್ಲ. ಮೇಲಿನ ಬೋರ್‌ನಲ್ಲೂ ನೈಟ್ರೇಟ್ ಜಾಸ್ತಿ. ಅಲ್ಲಿ ಸುತ್ತ ಕಬ್ಬು, ಯೂರಿಯಾ, ಮನೆಮನೆಗೊಂದು ತಿಪ್ಪೆ. ಹಾಗಾದರೆ ನೈಟ್ರೇಟ್ ಕಾರ್ಖಾನೆಯದೇ ಅನ್ನೋಕಾಗಲ್ಲ. ಆದರೆ ಕ್ಲೋರೈಡ್, ವಾಹಕತೆ ಎರಡೂ ಚಿಕ್ಕಪ್ಪನ ಬೋರ್‌ನಲ್ಲಿ ಮಾತ್ರ ಏರಿವೆ, ಮೇಲೆ ಇಲ್ಲ. ಅದು ಎಲ್ಲಿಂದ ಅಂತ ಹೇಳೋಕೆ ಕಾಂಪೌಂಡಿಗೂ ತೋಟಕ್ಕೂ ನಡುವೆ ಇನ್ನೊಂದು ಬಾವಿ ಬೇಕು.

ಅಲ್ಲಿ ಒಂದು ಬಾವಿ ಇತ್ತಂತೆ, ಕಪಿಲೆ ಹೂಡ್ತಿದ್ದ ಕಾಲದ್ದು. ಈಗ ಕಸ ತುಂಬಿದೆ. ಮಳೆಗಾಲದ ಮುಂಚೆ ಮತ್ತೊಂದು ಸಲ ಸ್ಯಾಂಪಲ್ ತೆಗೆಸಬೇಕು, ಆ ಹುಡುಗನ ನಂಬರ್ ಈಗ ಚಿಕ್ಕಪ್ಪನ ಫೋನಲ್ಲೂ ಇದೆ. ಅಲ್ಲಿವರೆಗೆ ಕುಡಿಯೋಕೆ ಊರ ಬಾಗಿಲಿನ ಶುದ್ಧ ನೀರಿನ ಘಟಕ, 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್. ದನಗಳು ಮಾತ್ರ ಬೋರ್ ನೀರೇ ಕುಡೀತಿವೆ.